ಡಿಹ್ಯೂಮಿಡಿಫೈಯರ್ ಅಫಿಲಿಯೇಟ್ ಜಾಹೀರಾತು: ಒಂದು ಕ್ಲಿಕ್ಕಿಗೆ ಎಷ್ಟರವರೆಗೆ ಕೊಡಬಹುದು?

ಕದ್ರಿ ಗುಡ್ಡೆ | ಜೂನ್ 28

ಎಲ್ಲರಿಗೂ ನಮಸ್ಕಾರ. ಮಳೆಗಾಲ ಬಂತೆಂದರೆ ನಮ್ಮ ಮಂಗಳೂರಿನ ಕಪಾಟುಗಳಲ್ಲಿ ರೇಷ್ಮೆ ಸೀರೆಗೂ ಚರ್ಮದ ಚೀಲಕ್ಕೂ ಬೂಷ್ಟು ಹಿಡಿಯುವುದು ಯಾರಿಗೂ ಹೊಸತಲ್ಲ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರವೊಂದನ್ನು ಕಳೆದ ವರ್ಷ ಮನೆಗೆ ತಂದು, ಅದರ ಉಪಯೋಗ ಕಂಡ ಮೇಲೆ, ಇದನ್ನೇ ಅಫಿಲಿಯೇಟ್ ಆಗಿ, ಅಂದರೆ ನನ್ನ ಕೊಂಡಿಯಿಂದ ಮಾರಾಟವಾದಾಗ ಕಮಿಷನ್ ಪಡೆಯುವವನಾಗಿ, ಏಕೆ ಪ್ರಚಾರ ಮಾಡಬಾರದು ಎಂಬ ಯೋಚನೆ ಬಂತು. ಒಂದು ಆನ್‌ಲೈನ್ ಅಂಗಡಿಯ ಯೋಜನೆಗೆ ಸೇರಿದೆ. ಸುಮಾರು 12,000 ರೂಪಾಯಿಯ ಯಂತ್ರ ಮಾರಾಟವಾದರೆ ಶೇ. 5ರಂತೆ 600 ರೂಪಾಯಿ ಕಮಿಷನ್ ಸಿಗುತ್ತದೆ.

ಮೇ ಕೊನೆಯ ವಾರದಿಂದ ಗೂಗಲ್ ಆ್ಯಡ್ಸ್‌ನಲ್ಲಿ ಸರ್ಚ್ ಜಾಹೀರಾತು ಹಾಕಿದೆ. ಇದುವರೆಗೆ 1,600 ಕ್ಲಿಕ್ ಬಂದಿವೆ. ಸರಾಸರಿ ಒಂದಕ್ಕೆ 9 ರೂಪಾಯಿಯಂತೆ 14,400 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 2,592 ರೂಪಾಯಿ, ಒಟ್ಟು 16,992 ರೂಪಾಯಿ ಖರ್ಚಾಗಿದೆ. 11 ಆರ್ಡರ್ ಬಂದವು, ಎರಡು ವಾಪಸಾದವು, ಉಳಿದ ಒಂಬತ್ತರಿಂದ 5,400 ರೂಪಾಯಿ ಕಮಿಷನ್ ಆಗಿದೆ. ಅಂದರೆ 11,592 ರೂಪಾಯಿ ನಷ್ಟ. ಗೂಗಲ್ ಖಾತೆಯೊಳಗೆ ಬಿಡ್ (ಒಂದು ಕ್ಲಿಕ್ಕಿಗೆ ಕೊಡಲು ಒಪ್ಪುವ ಬೆಲೆ) ಹೆಚ್ಚಿಸಿ, ಬಜೆಟ್ ಹೆಚ್ಚಿಸಿ ಎಂಬ ಸಲಹೆಗಳು ದಿನವೂ ಕಾಣಿಸುತ್ತಿವೆ. ಮೇಲಿನ ಸ್ಥಾನ ಸಿಗದಿದ್ದುದರಿಂದಲೇ ಈ ನಷ್ಟವೇ, ಅಥವಾ ಈ ದಾರಿಯೇ ತಪ್ಪೇ ಎಂದು ತಿಳಿದವರು ದಯವಿಟ್ಟು ಹೇಳಬೇಕು. ಇದು ಮಗಳ ಶಾಲೆಯ ಶುಲ್ಕಕ್ಕೆಂದು ತೆಗೆದಿಟ್ಟ ಹಣವಾದ್ದರಿಂದ ಇನ್ನೂ ಕಳೆಯುವ ಸ್ಥಿತಿಯಲ್ಲಿ ನಾನಿಲ್ಲ.

ಮಣಿಪಾಲ ಎಂಡ್ ಪಾಯಿಂಟ್ | ಜೂನ್ 28

ಸರ್, ಮೊದಲು ಬಿಡ್ ಹೆಚ್ಚಿಸುವ ಯೋಚನೆಯನ್ನು ಬಿಟ್ಟುಬಿಡಿ. ಸಾಧ್ಯವಾದರೆ ಇವತ್ತೇ ಜಾಹೀರಾತನ್ನು ನಿಲ್ಲಿಸಿ, ನಂತರ ಲೆಕ್ಕಕ್ಕೆ ಕುಳಿತುಕೊಳ್ಳಿ. ನಾನು ಈ ಕೆಲಸಕ್ಕೆ ಇಳಿದು ಏಳು ವರ್ಷಗಳಾದವು. ಮೊದಲ ವರ್ಷ ನಾನು ಮಾಡಿದ್ದೂ ಇದೇ ತಪ್ಪು, ಜಾಹೀರಾತಿನ ಸ್ಥಾನಕ್ಕೆ ಗೂಗಲ್ ನಡೆಸುವ ಹರಾಜಿನಲ್ಲಿ ಉಳಿದವರು ಎಷ್ಟು ಕೂಗುತ್ತಿದ್ದಾರೆ ಎಂಬುದನ್ನು ನೋಡಿ ನನ್ನ ಬೆಲೆಯನ್ನು ಕಟ್ಟುತ್ತಿದ್ದೆ.

ನಿಮ್ಮ ಅಂಕಿಗಳಲ್ಲೇ ಉತ್ತರವಿದೆ. 5,400 ರೂಪಾಯಿಯನ್ನು 1,600 ಕ್ಲಿಕ್ಕಿಗೆ ಹಂಚಿದರೆ ಒಂದು ಕ್ಲಿಕ್ ನಿಮಗೆ ತಂದುಕೊಟ್ಟದ್ದು 3 ರೂಪಾಯಿ 37 ಪೈಸೆ. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಆ ಶೇ. 18 ಹಿಂದಿರುಗಿ ಬರುವುದಿಲ್ಲವಾದ್ದರಿಂದ ಅದೂ ಖರ್ಚೇ, ಹಾಗಾಗಿ 3.37ನ್ನು 1.18ರಿಂದ ಭಾಗಿಸಬೇಕು, 2 ರೂಪಾಯಿ 86 ಪೈಸೆ ಬರುತ್ತದೆ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನೀವು ಒಂದು ಕ್ಲಿಕ್ಕಿಗೆ ಕೊಡಬಹುದಾಗಿದ್ದ ಗರಿಷ್ಠ ಬೆಲೆ ಅದು, ಕೊಟ್ಟದ್ದು ಮಾತ್ರ 9 ರೂಪಾಯಿ. ಮೇಲಿನ ಸ್ಥಾನಕ್ಕೆ ಹೋಗಿದ್ದರೆ ಇದೇ ನಷ್ಟವು ಇನ್ನಷ್ಟು ವೇಗವಾಗಿ ಆಗುತ್ತಿತ್ತು.

ಇಲ್ಲಿ ಎರಡು ಮಾತು ಗಮನಿಸಿ. ಆರ್ಡರ್ ಬಂದ ಸಂಖ್ಯೆಯಲ್ಲ, ವಾಪಸಾತಿಯ ಅವಧಿ ಮುಗಿದು ಖಚಿತವಾದ ಕಮಿಷನ್ ಮಾತ್ರ ಲೆಕ್ಕಕ್ಕೆ ಬರಬೇಕು. ಎರಡನೆಯದಾಗಿ, ಹಣ ಹೋಗುವ ದಿನಕ್ಕೂ ಬರುವ ದಿನಕ್ಕೂ ಇರುವ ಅಂತರ. ನಿಮ್ಮ ಅಂಗಡಿ ಕಮಿಷನ್ ಕೈಗೆ ಕೊಡಲು 75 ದಿನ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 1,000 ರೂಪಾಯಿಯ ಜಾಹೀರಾತು ನಡೆಸಿದರೆ, ಮೊದಲ ರೂಪಾಯಿ ತಿರುಗಿ ಬರುವ ಹೊತ್ತಿಗೆ ಜಿಎಸ್‌ಟಿ ಸೇರಿ 88,500 ರೂಪಾಯಿ ನಿಮ್ಮ ಕೈಯಿಂದ ಹೋಗಿರುತ್ತದೆ. ಕಾಗದದ ಮೇಲೆ ಲಾಭದಲ್ಲಿದ್ದ ಹಲವರು ಕೈಯಲ್ಲಿ ಹಣವಿಲ್ಲದೆ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಮಕ್ಕಳ ಶುಲ್ಕದ ಹಣವನ್ನು ಇದಕ್ಕೆ ಹಾಕುವುದು ಬೇಡವೇ ಬೇಡ.

ನನ್ನ ತಂದೆ ಉಡುಪಿಯಲ್ಲಿ ಪಿಗ್ಮಿ ಸಂಗ್ರಹಿಸುತ್ತಿದ್ದರು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಆರಂಭಿಸಿದ ಆ ಪದ್ಧತಿ ಅವರ ಕಾಲಕ್ಕೂ ಹಾಗೆಯೇ ಇತ್ತು: ಎಷ್ಟೇ ಸಣ್ಣ ಮೊತ್ತವಾದರೂ ಆ ದಿನದ್ದು ಆ ದಿನವೇ ಪುಸ್ತಕಕ್ಕೆ ಏರಬೇಕು. ನಾನು ಪ್ರತಿ ಕೀವರ್ಡ್‌ಗೂ, ಅಂದರೆ ಜಾಹೀರಾತು ತೋರಿಸಲೆಂದು ಆರಿಸಿದ ಪ್ರತಿ ಹುಡುಕುಪದಕ್ಕೂ, ಹಾಗೆಯೇ ಒಂದು ಪುಟ ಇಟ್ಟಿದ್ದೇನೆ, ಕ್ಲಿಕ್, ಖರ್ಚು, ಆರ್ಡರ್, ಖಚಿತವಾದ ಕಮಿಷನ್ ಎಂಬ ನಾಲ್ಕೇ ಅಂಕಣಗಳು. ಬಿಡ್ ಎಷ್ಟು ಎಂಬುದನ್ನು ಆ ಪುಟ ಹೇಳುತ್ತದೆ, ಗೂಗಲ್ ಹೇಳುವುದಿಲ್ಲ.

ಕುಂದಾಪುರ ಕಡಲು | ಜೂನ್ 29

ಮಣಿಪಾಲದ ಅಕ್ಕ ಹೇಳಿದ ಲೆಕ್ಕ ಸರಿ. ಆದರೆ ಬಿಡ್ಡನ್ನು 9ರಿಂದ 2.80ಕ್ಕೆ ಇಳಿಸಿದರೆ ಜಾಹೀರಾತು ಕಾಣಿಸುವುದೇ ನಿಲ್ಲಬಹುದು. ಕ್ಲಿಕ್ಕಿನ ಬೆಲೆ ಇಳಿಸುವಷ್ಟೇ ಮುಖ್ಯವಾದದ್ದು ಕ್ಲಿಕ್ಕಿನ ಗಳಿಕೆಯನ್ನು ಏರಿಸುವುದು. ಕದ್ರಿಯವರೇ, ನಿಮ್ಮ ಖಾತೆಯಲ್ಲಿ ಜನರು ನಿಜವಾಗಿ ಟೈಪ್ ಮಾಡಿದ ಪದಗಳ ವರದಿ, ಅಂದರೆ ಸರ್ಚ್ ಟರ್ಮ್ಸ್ ರಿಪೋರ್ಟ್ ಇದೆಯಲ್ಲ, ಅದನ್ನು ತೆರೆದು ಹೆಚ್ಚು ಖರ್ಚಾದ ಐವತ್ತು ಸಾಲುಗಳನ್ನು ಇಲ್ಲಿ ಹೇಳುತ್ತೀರಾ? ಕೀವರ್ಡ್‌ಗಳನ್ನು ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಸಂಬಂಧಪಟ್ಟ ಬೇರೆ ಹುಡುಕಾಟಗಳಿಗೂ ಜಾಹೀರಾತು ಕಾಣುವಂತೆ, ಹಾಕಿದ್ದೀರೇ?

ಕದ್ರಿ ಗುಡ್ಡೆ | ಜೂನ್ 29

ಹೌದು, ಎಲ್ಲವೂ ಬ್ರಾಡ್ ಮ್ಯಾಚ್. ವರದಿಯನ್ನು ಇವತ್ತೇ ಮೊದಲ ಬಾರಿಗೆ ತೆರೆದೆ, ನೋಡಿ ಬಹಳ ಬೇಸರವಾಯಿತು. ಸುಮಾರು 700 ಕ್ಲಿಕ್‌ಗಳು ನನ್ನ ಯಂತ್ರಕ್ಕೆ ಸಂಬಂಧವೇ ಇಲ್ಲದವು. ಅದರಲ್ಲಿ ದೊಡ್ಡ ಪಾಲು ಹ್ಯೂಮಿಡಿಫೈಯರ್ ಹುಡುಕಿದವರದ್ದು, ಅಂದರೆ ಮಗುವಿಗೆ ನೆಗಡಿಯಾದಾಗ ಕೋಣೆಗೆ ತೇವ ಸೇರಿಸುವ ಯಂತ್ರ ಬೇಕಾದವರು; ನಾನು ಮಾರುವುದು ತೇವ ತೆಗೆಯುವ ಯಂತ್ರ. ಉಳಿದವು ರಿಪೇರಿ, ಬಾಡಿಗೆಗೆ ಸಿಗುತ್ತದೆಯೇ ಎಂಬ ಹುಡುಕಾಟ, ಶಾಲೆಯ ಪ್ರಾಜೆಕ್ಟಿಗೆ ಮನೆಯಲ್ಲೇ ತಯಾರಿಸುವುದು ಹೇಗೆ ಎಂಬ ಪ್ರಶ್ನೆ, ಸಿಲಿಕಾ ಜೆಲ್ ಪೊಟ್ಟಣ, ಕಾರ್ಖಾನೆಗೆ ಬೇಕಾದ ದೊಡ್ಡ ಯಂತ್ರ. ಇವುಗಳಿಗೆಲ್ಲ ನಾನು 9 ರೂಪಾಯಿಯಂತೆ ಕೊಟ್ಟಿದ್ದೇನೆ.

ಕುಂದಾಪುರ ಕಡಲು | ಜೂನ್ 29

ಆ 700ರಿಂದ ಒಂದೂ ಆರ್ಡರ್ ಬಂದಿರಲಾರದು ಎಂದು ಊಹಿಸಿದರೆ, ಉಳಿದ 900 ಕ್ಲಿಕ್‌ಗಳಿಗೆ 9 ಖಚಿತ ಆರ್ಡರ್, ಅಂದರೆ ನೂರಕ್ಕೆ ಒಂದು. ಆಗ ಒಂದು ಕ್ಲಿಕ್ಕಿನ ಗಳಿಕೆ 6 ರೂಪಾಯಿ, ಜಿಎಸ್‌ಟಿ ಕಳೆದ ಮಿತಿ 5 ರೂಪಾಯಿ 8 ಪೈಸೆ. ಬರೀ ಕಸವನ್ನು ಹೊರಗಿಟ್ಟಿದ್ದಕ್ಕೇ ಮಿತಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹ್ಯೂಮಿಡಿಫೈಯರ್, ರಿಪೇರಿ, ಸರ್ವೀಸ್, ಬಾಡಿಗೆ, ಹಳೆಯದು, ಪ್ರಾಜೆಕ್ಟ್, ಜೆಲ್, ಇಂಡಸ್ಟ್ರಿಯಲ್ ಇವೆಲ್ಲವನ್ನೂ ಇಂದೇ ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ಕಾಣಿಸಬಾರದ ಪದಗಳ ಪಟ್ಟಿಗೆ ಸೇರಿಸಿ. ಒಂದು ಎಚ್ಚರಿಕೆ: ನೆಗೆಟಿವ್ ಪದಗಳಿಗೆ ಗೂಗಲ್ ಸಮಾನಾರ್ಥಕ ಪದಗಳನ್ನೂ ಏಕವಚನ ಬಹುವಚನ ರೂಪಗಳನ್ನೂ ತಾನಾಗಿ ಸೇರಿಸಿಕೊಳ್ಳುವುದಿಲ್ಲ, ಎಲ್ಲ ರೂಪಗಳನ್ನೂ ನೀವೇ ಬರೆಯಬೇಕು. ಕನ್ನಡ ಪದಗಳನ್ನು ಜನರು ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ರೀತಿಯಲ್ಲಿ ಬರೆಯುವುದರಿಂದ ಈ ಪಟ್ಟಿ ವಾರವಾರವೂ ಬೆಳೆಯುತ್ತಲೇ ಇರುತ್ತದೆ.

ಇನ್ನೂ ಮೂರು ಕಡೆ ನೋಡಿ. ಸರ್ಚ್ ಕ್ಯಾಂಪೇನ್ ಮಾಡುವಾಗ ಡಿಸ್‌ಪ್ಲೇ ನೆಟ್‌ವರ್ಕ್ (ಇತರ ತಾಣ, ಆ್ಯಪ್‌ಗಳಲ್ಲಿನ ಜಾಹೀರಾತು) ಮತ್ತು ಸರ್ಚ್ ಪಾರ್ಟ್‌ನರ್ಸ್ (ಗೂಗಲ್‌ನ ಪಾಲುದಾರ ಹುಡುಕಾಟ ತಾಣಗಳು) ಎಂಬ ಎರಡು ಆಯ್ಕೆಗಳಿಗೆ ಮೊದಲೇ ಟಿಕ್ ಬಿದ್ದಿರುತ್ತದೆ, ಅವನ್ನು ತೆಗೆಯಿರಿ. ಸ್ಥಳದ ಆಯ್ಕೆಯಲ್ಲಿ ಆ ಊರಿನಲ್ಲಿರುವವರು ಮಾತ್ರವಲ್ಲದೆ ಆ ಊರಿನಲ್ಲಿ ಆಸಕ್ತಿ ಇರುವವರೂ ಸೇರಿರುತ್ತಾರೆ, ಅದನ್ನೂ ಬದಲಿಸಿ. ದಿನದ ಬಜೆಟ್ ಎಂದು ನೀವು ಬರೆದ ಮೊತ್ತದ ಎರಡು ಪಟ್ಟಿನವರೆಗೆ ಒಂದೇ ದಿನ ಖರ್ಚಾಗಬಹುದು, ತಿಂಗಳ ಲೆಕ್ಕದಲ್ಲಿ ಮಾತ್ರ 30.4 ಪಟ್ಟಿನೊಳಗೆ ನಿಲ್ಲುತ್ತದೆ, ಅದಕ್ಕೆ ಸಿದ್ಧರಾಗಿರಿ.

ಮಲ್ಪೆ ಬಂದರು | ಜೂನ್ 30

ಹರಾಜಿನ ವಿಷಯ ಬಂದದ್ದರಿಂದ ನಾನೊಂದು ಮಾತು ಸೇರಿಸುತ್ತೇನೆ. ನಮ್ಮ ಬಂದರಿನಲ್ಲಿ ಮೀನು ಹರಾಜಾಗುವಾಗ ಹೆಚ್ಚು ಕೂಗಿದವನಿಗೆ ಬುಟ್ಟಿ, ಅಲ್ಲಿಗೆ ಮುಗಿಯಿತು. ಕ್ಲಿಕ್ಕಿನ ಹರಾಜು ಕೂಡ ಆರಂಭದಲ್ಲಿ ಹಾಗೆಯೇ ಇತ್ತು: 1998ರಲ್ಲಿ ಗೋಟು ಡಾಟ್ ಕಾಮ್ ಶುರು ಮಾಡಿದ ಪದ್ಧತಿಯಲ್ಲಿ ಹೆಚ್ಚು ಬೆಲೆ ಹೇಳಿದವನ ಕೊಂಡಿಯೇ ಮೇಲೆ ಬರುತ್ತಿತ್ತು. ಗೂಗಲ್ 2002ರಲ್ಲಿ ಕ್ಲಿಕ್ ಲೆಕ್ಕದ ಜಾಹೀರಾತಿಗೆ ಬಂದಾಗ, ಹೇಳಿದ ಬೆಲೆಯ ಜೊತೆಗೆ ಜನರು ಆ ಜಾಹೀರಾತನ್ನು ಎಷ್ಟು ಒತ್ತುತ್ತಾರೆ ಎಂಬುದನ್ನೂ ತೂಕಕ್ಕೆ ಹಾಕಿತು. ಈಗ ಪ್ರತಿ ಕೀವರ್ಡ್‌ಗೆ 1ರಿಂದ 10ರವರೆಗಿನ ಕ್ವಾಲಿಟಿ ಸ್ಕೋರ್ ತೋರಿಸುತ್ತಾರೆ. ಕ್ಲಿಕ್ ಬರುವ ಸಂಭವ, ಹುಡುಕಿದ ಪದಕ್ಕೂ ಜಾಹೀರಾತಿಗೂ ಇರುವ ಹೊಂದಿಕೆ, ಒತ್ತಿದ ಮೇಲೆ ತೆರೆಯುವ ಪುಟದ ಅನುಭವ ಎಂಬ ಮೂರರ ಮೇಲೆ ಅದು ನಿಂತಿದೆ. ಆ ಸ್ಕೋರು ನಿಮ್ಮ ತೊಂದರೆ ಎಲ್ಲಿದೆಯೆಂದು ತೋರಿಸುವ ಸೂಚನೆಯಷ್ಟೇ. ಆದರೆ ಅದರ ಹಿಂದಿರುವ ಗುಣಮಟ್ಟವನ್ನು ಗೂಗಲ್ ಪ್ರತಿ ಹರಾಜಿನಲ್ಲೂ ಹೊಸದಾಗಿ ಅಳೆಯುತ್ತದೆ. ಹಾಗಾಗಿ ಪುಟ ಚೆನ್ನಾಗಿರುವ ಸಣ್ಣವನು ದೊಡ್ಡವನಿಗಿಂತ ಕಡಿಮೆ ಕೊಟ್ಟು ಮೇಲೆ ನಿಲ್ಲಲು ಸಾಧ್ಯ. ನಿಮ್ಮ ಪುಟ ಹೇಗಿದೆ?

ಕದ್ರಿ ಗುಡ್ಡೆ | ಜೂನ್ 30

ಯಂತ್ರದ ಚಿತ್ರ, ಅಂಗಡಿಯವರು ಕೊಟ್ಟ ವಿವರ, ಈಗಲೇ ಕೊಳ್ಳಿ ಎಂಬ ಗುಂಡಿ, ಇಷ್ಟೇ ಇದೆ. ಸ್ಕೋರ್ 3 ಮತ್ತು 4 ತೋರಿಸುತ್ತಿದೆ. ಪುಟವೇ ಇಲ್ಲದೆ ನೇರವಾಗಿ ಅಂಗಡಿಯ ಕೊಂಡಿಗೆ ಕಳುಹಿಸಿದರೆ ಒಂದು ಹೆಜ್ಜೆ ಉಳಿಯುತ್ತದಲ್ಲವೇ?

ಕಾಪು ದೀಪಸ್ತಂಭ | ಜೂನ್ 30

ದಯವಿಟ್ಟು ಹಾಗೆ ಮಾಡಬೇಡಿ. ಜಾಹೀರಾತಿನಲ್ಲಿ ತೋರಿಸುವ ವಿಳಾಸವೂ ಕೊನೆಗೆ ತೆರೆಯುವ ತಾಣವೂ ಒಂದೇ ಆಗಿರಬೇಕೆಂಬುದು ಗೂಗಲ್ ನಿಯಮ. ನೇರ ಕೊಂಡಿ ಹಾಕಿದರೆ ಅದೇ ಅಂಗಡಿಯ ಸ್ವಂತ ಜಾಹೀರಾತಿನೊಡನೆ, ಇತರ ಅಫಿಲಿಯೇಟ್‌ಗಳೊಡನೆ ಒಂದೇ ವಿಳಾಸಕ್ಕಾಗಿ ನೀವು ಸ್ಪರ್ಧಿಸಬೇಕಾಗುತ್ತದೆ. ಜೊತೆಗೆ ಹಲವು ಯೋಜನೆಗಳು ಇದನ್ನು ನಿಷೇಧಿಸಿವೆ: ಅಮೆಜಾನ್ ಅಸೋಸಿಯೇಟ್ಸ್ ಒಪ್ಪಂದದಲ್ಲಿ ಸರ್ಚ್ ಜಾಹೀರಾತಿನಿಂದ ನೇರವಾಗಿ ಅವರ ತಾಣಕ್ಕೆ ಕಳುಹಿಸುವಂತಿಲ್ಲ, ಅವರ ಹೆಸರನ್ನಾಗಲಿ ಅದರ ತಪ್ಪು ಕಾಗುಣಿತವನ್ನಾಗಲಿ ಕೀವರ್ಡ್ ಮಾಡುವಂತಿಲ್ಲ. ನಿಮ್ಮ ಅಂಗಡಿಯ ಷರತ್ತುಗಳನ್ನು ಪೂರ್ತಿ ಓದಿ, ಬ್ರ್ಯಾಂಡ್ ಹೆಸರಿನ ಮೇಲೆ ಬಿಡ್ ಮಾಡಬಹುದೇ ಎಂಬುದನ್ನು ಇಮೇಲ್‌ನಲ್ಲಿ ಕೇಳಿ ಉತ್ತರವನ್ನು ಉಳಿಸಿಟ್ಟುಕೊಳ್ಳಿ. ನನ್ನ ಪರಿಚಯದವರೊಬ್ಬರಿಗೆ ಎರಡು ತಿಂಗಳ ಕಮಿಷನ್ ಪೂರ್ತಿ ರದ್ದಾದದ್ದು ಈ ಒಂದೇ ಕಾರಣಕ್ಕೆ. ಟ್ರೇಡ್‌ಮಾರ್ಕ್ ಹೆಸರನ್ನು ಕೀವರ್ಡ್ ಮಾಡಿದ ಮಾತ್ರಕ್ಕೆ ಉಲ್ಲಂಘನೆಯಾಗದು, ಆದರೆ ಜನರು ಗೊಂದಲಕ್ಕೀಡಾದರೆ ಉಲ್ಲಂಘನೆಯಾಗಬಹುದು ಎಂಬ ಅರ್ಥದ ತೀರ್ಪನ್ನು ದೆಹಲಿ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ ನೀಡಿದೆ. ಆದ್ದರಿಂದ ಅಂಗಡಿಯ ಅನುಮತಿ ಮಾತ್ರವಲ್ಲ, ಯಂತ್ರ ತಯಾರಿಸುವ ಕಂಪನಿಯ ಹೆಸರನ್ನು ಬಳಸುವಾಗಲೂ ನೀವೇ ಆ ಕಂಪನಿ ಎಂಬಂತೆ ತೋರಬಾರದು.

ಚಿತ್ರ ಮತ್ತು ಗುಂಡಿ ಮಾತ್ರ ಇರುವ ಪುಟವೂ ಉಳಿಯುವುದಿಲ್ಲ. ಬೇರೆಡೆಗೆ ಕಳುಹಿಸುವುದಕ್ಕಾಗಿಯೇ ಮಾಡಿದ, ಸ್ವಂತದ್ದೇನೂ ಇಲ್ಲದ ಪುಟಗಳನ್ನು ಗೂಗಲ್ ತಿರಸ್ಕರಿಸುತ್ತದೆ, ಪದೇ ಪದೇ ಆದರೆ ಖಾತೆಯೇ ಹೋಗಬಹುದು.

ಮಣಿಪಾಲ ಎಂಡ್ ಪಾಯಿಂಟ್ | ಜುಲೈ 1

ಪುಟದ ವಿಷಯದಲ್ಲಿ ನಿಮ್ಮ ಕೈಯಲ್ಲಿ ಇರುವ ಸಂಪತ್ತನ್ನು ನೀವು ಗುರುತಿಸಿಲ್ಲ ಎಂದು ನನಗೆ ಅನಿಸುತ್ತದೆ. ಆ ಯಂತ್ರ ನಿಮ್ಮ ಮನೆಯಲ್ಲಿದೆ, ಹೊರಗೆ ಕರಾವಳಿಯ ಮಳೆ ಸುರಿಯುತ್ತಿದೆ. ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತಂದು ಕೋಣೆಯಲ್ಲಿಟ್ಟು, ಯಂತ್ರ ಹಚ್ಚುವ ಮೊದಲು ತೇವಾಂಶ ಎಷ್ಟಿತ್ತು, ಗಂಟೆಗೊಮ್ಮೆ ಎಷ್ಟು ಇಳಿಯಿತು, ರಾತ್ರಿಯಿಡೀ ಎಷ್ಟು ಲೀಟರ್ ನೀರು ತುಂಬಿತು, ಎಷ್ಟು ಯೂನಿಟ್ ವಿದ್ಯುತ್ ಹೋಯಿತು ಎಂಬುದನ್ನು ಒಂದು ವಾರ ಬರೆದಿಡಿ. ತೇವಾಂಶ ಶೇ. 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಬಹಳ ಕಡಿಮೆಯಾಗುತ್ತದೆ; ನಿಮ್ಮ ಯಂತ್ರ ಅಲ್ಲಿಗೆ ಮುಟ್ಟಿತೇ ಎಂಬುದೇ ಕೊಳ್ಳುವವರ ನಿಜವಾದ ಪ್ರಶ್ನೆ. ಇಂತಹ ಪುಟ ಅಂಗಡಿಯವರ ಬಳಿಯೂ ಇರುವುದಿಲ್ಲ.

ಯಾರು ಕೊಳ್ಳಬಾರದು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ವಾಪಸಾದ ಎರಡು ಯಂತ್ರಗಳು ಏಕೆ ವಾಪಸಾದವು? ಮಲಗುವ ಕೋಣೆಯ ಯಂತ್ರವನ್ನು ಹಂಚಿನ ಮನೆಯ ದೊಡ್ಡ ಚಾವಡಿಗೆ ತಂದಿಟ್ಟಿರಬಹುದು, ಅಥವಾ ಕಡಿಮೆ ತೇವ ಹೀರುವ ಸಣ್ಣ ಪೆಲ್ಟಿಯರ್ ಯಂತ್ರವೂ ಫ್ರಿಜ್‌ನಂತೆ ಕೆಲಸ ಮಾಡುವ ಕಂಪ್ರೆಸರ್ ಯಂತ್ರವೂ ಒಂದೇ ಎಂದು ಭಾವಿಸಿರಬಹುದು. ಹಂಚಿನ ಸಂದಿಯಿಂದ ಗಾಳಿ ಆಡುವ ಕೋಣೆಯಲ್ಲಿ ಇದು ಕೆಲಸ ಮಾಡುವುದಿಲ್ಲ ಎಂದು ಪುಟದ ಮೇಲ್ಭಾಗದಲ್ಲೇ ಹೇಳಿದರೆ ಗುಂಡಿ ಒತ್ತುವವರು ಕಡಿಮೆಯಾಗುತ್ತಾರೆ, ಖಚಿತವಾಗುವ ಆರ್ಡರ್‌ಗಳು ಕಡಿಮೆಯಾಗುವುದಿಲ್ಲ. ಈ ಕೊಂಡಿಯಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ ಎಂಬ ಸಾಲನ್ನೂ ಗುಂಡಿಯ ಹತ್ತಿರವೇ ಹಾಕಿ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯೂ ಇಂತಹ ಸಂಬಂಧವನ್ನು ತಿಳಿಸಬೇಕೆನ್ನುತ್ತದೆ. ಹಾಗೆ ಬರೆದ ಮೇಲೆ ನನ್ನ ಆರ್ಡರ್ ಕಡಿಮೆಯಾಗಲಿಲ್ಲ.

ಪುತ್ತೂರು ಅಡಕೆ | ಜುಲೈ 1

ಇಷ್ಟೆಲ್ಲ ಶ್ರಮ ಪಟ್ಟು 600 ರೂಪಾಯಿಯೇ? ಸಾಲದ ಆ್ಯಪ್, ಹಣ ಕಟ್ಟಿ ಆಡುವ ಆಟದ ಆ್ಯಪ್ ಇವುಗಳಿಗೆ ಒಂದು ಸೇರ್ಪಡೆಗೆ ಅದಕ್ಕಿಂತ ಹೆಚ್ಚು ಕೊಡುತ್ತಾರೆ ಎಂದು ಕೇಳಿದ್ದೇನೆ.

ಕಾಪು ದೀಪಸ್ತಂಭ | ಜುಲೈ 1

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಕಾಯ್ದೆ ನಿಷೇಧಿಸಿದೆ. ಪ್ರಚಾರ ಮಾಡಿದವರಿಗೂ ಶಿಕ್ಷೆ ಇದೆ. ಹಣಕಾಸು ಸೇವೆಗಳ ಜಾಹೀರಾತಿಗೆ ಗೂಗಲ್ ಭಾರತದಲ್ಲಿ 2022ರಿಂದ ಪ್ರತ್ಯೇಕ ಪರಿಶೀಲನೆ ಕೇಳುತ್ತಿದೆ. ಇದು ಕಾನೂನಿನ ಮಾತಾಯಿತು. ನಮ್ಮ ಬೀದಿಯಲ್ಲೇ ಸಾಲದ ಆ್ಯಪ್‌ನವರ ಕಿರುಕುಳದಿಂದ ಮನೆ ಬಿಟ್ಟು ಹೋದ ಹುಡುಗನೊಬ್ಬನಿದ್ದಾನೆ, ಆ ಕಮಿಷನ್ ನನಗೆ ಬೇಡ.

ಕದ್ರಿ ಗುಡ್ಡೆ | ಜುಲೈ 2

ಪುಟದ ಕೆಲಸ ಆರಂಭಿಸಿದ್ದೇನೆ. ಬಿಡ್ಡನ್ನು ನಾನೇ ಹಾಕುವ ಬದಲು ಗೂಗಲ್‌ನ ಯಂತ್ರಕ್ಕೆ ಬಿಟ್ಟರೆ ಒಳ್ಳೆಯದೇ? ಹಾಗೆಯೇ, ಒಂದು ಕೀವರ್ಡ್ ಕೆಲಸಕ್ಕೆ ಬರುವುದಿಲ್ಲ ಎಂದು ತೀರ್ಮಾನಿಸಲು ಎಷ್ಟು ಕ್ಲಿಕ್ ಬೇಕು?

ಮಣಿಪಾಲ ಎಂಡ್ ಪಾಯಿಂಟ್ | ಜುಲೈ 2

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಒಂದೂ ಆರ್ಡರ್ ಬಾರದಿದ್ದಾಗ 3ನ್ನು ಕ್ಲಿಕ್‌ಗಳ ಸಂಖ್ಯೆಯಿಂದ ಭಾಗಿಸಿ. ನೂರಕ್ಕೆ 95ರಷ್ಟು ಭರವಸೆಯಿಂದ ಆ ಕೀವರ್ಡ್‌ನ ನಿಜವಾದ ದರ, ಅಂದರೆ ಕ್ಲಿಕ್‌ಗಳಲ್ಲಿ ಆರ್ಡರ್ ಆಗುವ ಪಾಲು, ಅದಕ್ಕಿಂತ ಹೆಚ್ಚಿರಲಾರದು ಎನ್ನಬಹುದು. 100 ಕ್ಲಿಕ್‌ಗೆ ಸೊನ್ನೆ ಬಂದರೂ ನಿಜವಾದ ದರ ಶೇ. 3 ಇರುವ ಸಾಧ್ಯತೆ ಉಳಿದಿರುತ್ತದೆ. 300 ಕ್ಲಿಕ್‌ಗೆ ಸೊನ್ನೆ ಬಂದರೆ ಶೇ. 1ಕ್ಕಿಂತ ಕಡಿಮೆ ಎಂದು ತಿಳಿದು ನಿಲ್ಲಿಸಬಹುದು. ನಲವತ್ತು ಕ್ಲಿಕ್‌ಗೆ ಹೆದರಿ ಒಳ್ಳೆಯ ಪದವನ್ನು ನಿಲ್ಲಿಸುವವರೂ, ಎರಡು ಆರ್ಡರ್ ಬಂದೊಡನೆ ಬಜೆಟ್ ಹತ್ತು ಪಟ್ಟು ಮಾಡುವವರೂ ಒಂದೇ ರೀತಿಯ ತಪ್ಪು ಮಾಡುತ್ತಾರೆ. ಇದೇ ಕಾರಣಕ್ಕೆ ಸಣ್ಣ ಬಂಡವಾಳದವರು ಇಪ್ಪತ್ತು ಕೀವರ್ಡ್‌ಗಳ ಮೇಲೆ ಹರಡಬಾರದು, ನಾಲ್ಕೈದನ್ನು ಎಕ್ಸಾಕ್ಟ್ ಮ್ಯಾಚ್‌ನಲ್ಲಿ, ಅಂದರೆ ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ ಜಾಹೀರಾತು ಕಾಣುವಂತೆ, ಹಿಡಿಯಬೇಕು.

ಇನ್ನು ಗೂಗಲ್‌ನ ಯಂತ್ರ ತಾನಾಗಿ ಹಾಕುವ ಬಿಡ್. ಅದು ನೀವು ಏನನ್ನು ಕನ್ವರ್ಷನ್, ಅಂದರೆ ಕ್ಲಿಕ್ಕಿನಿಂದ ಬೇಕಾದ ಫಲ, ಎಂದು ಹೇಳಿಕೊಡುತ್ತೀರೋ ಅದನ್ನೇ ಹುಡುಕಿ ತರುತ್ತದೆ. ಮಾರಾಟ ನಡೆಯುವುದು ಅಂಗಡಿಯ ತಾಣದಲ್ಲಿ, ನಿಮ್ಮ ಪುಟದಲ್ಲಲ್ಲ; ಆದ್ದರಿಂದ ಬಹುತೇಕರು ಗುಂಡಿ ಒತ್ತಿದ್ದನ್ನೇ ಕನ್ವರ್ಷನ್ ಎಂದು ದಾಖಲಿಸುತ್ತಾರೆ. ಆಗ ಯಂತ್ರವು ಗುಂಡಿ ಒತ್ತುವ ಅಭ್ಯಾಸದವರನ್ನು ಗುಂಪುಗುಂಪಾಗಿ ತರುತ್ತದೆ, ಕೊಳ್ಳುವವರನ್ನಲ್ಲ. ಪರಿಹಾರ ಹೀಗಿದೆ: ಜಾಹೀರಾತಿನಿಂದ ಬರುವ ಪ್ರತಿ ಕ್ಲಿಕ್ಕಿಗೂ ಗೂಗಲ್ ಒಂದು ಉದ್ದದ ಗುರುತು ಅಂಟಿಸುತ್ತದೆ. ಅದನ್ನು ನಿಮ್ಮ ಪುಟ ಒಂದು ಸಣ್ಣ ಸಂಖ್ಯೆಯೊಡನೆ ಬರೆದಿಟ್ಟುಕೊಂಡು, ಆ ಸಣ್ಣ ಸಂಖ್ಯೆಯನ್ನು ಅಫಿಲಿಯೇಟ್ ಕೊಂಡಿಯ ಸಬ್ ಐಡಿಯಾಗಿ (ಕೊಂಡಿಗೆ ನಾವೇ ಸೇರಿಸುವ ಗುರುತಾಗಿ) ಕಳುಹಿಸಬೇಕು. ಉದ್ದದ ಗುರುತನ್ನೇ ಕಳುಹಿಸಿದರೆ ಕೆಲವು ಕಡೆ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಆರ್ಡರ್ ವರದಿಯಲ್ಲಿ ಆ ಸಂಖ್ಯೆ ಮರಳಿ ಬಂದಾಗ ಯಾವ ಕೀವರ್ಡ್ ಮಾರಿತು ಎಂಬುದು ತಿಳಿಯುತ್ತದೆ. ಖಚಿತವಾದವುಗಳನ್ನು ಮಾತ್ರ ಗೂಗಲ್‌ಗೆ ಮರಳಿ ಸೇರಿಸಬಹುದು, ಆದರೆ ಕ್ಲಿಕ್ ಆದ 90 ದಿನಗಳೊಳಗೆ. ನಿಮ್ಮಷ್ಟು ಕಡಿಮೆ ಆರ್ಡರ್ ಇರುವಾಗ ಸದ್ಯಕ್ಕೆ ಬಿಡ್ಡನ್ನು ಕೈಯಿಂದಲೇ ಹಾಕಿ, ಸಬ್ ಐಡಿಯನ್ನು ಮಾತ್ರ ಮೊದಲ ದಿನದಿಂದ ಹಾಕಿ.

ಮಲ್ಪೆ ಬಂದರು | ಜುಲೈ 3

ತೆರಿಗೆಯ ಬಗ್ಗೆ ಚಿಕ್ಕದಾಗಿ: ಭಾರತದ ಕಂಪನಿಗಳು ಕಮಿಷನ್ ಕೊಡುವಾಗ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತವೆ, 2024ರ ಅಕ್ಟೋಬರ್ 1ರಿಂದ ಅದು ಶೇ. 5ರಿಂದ 2ಕ್ಕೆ ಇಳಿದಿದೆ. ಇದು ಖರ್ಚಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಜಾಹೀರಾತಿನ ಬಿಲ್ಲುಗಳನ್ನು ತಿಂಗಳವಾರು ಇಳಿಸಿಟ್ಟುಕೊಳ್ಳಿ, ಆದಾಯದಿಂದ ಕಳೆಯಲು ಅವು ಬೇಕು.

ಕದ್ರಿ ಗುಡ್ಡೆ | ಆಗಸ್ಟ್ 24

ತಡವಾಗಿ ಬರೆಯುತ್ತಿದ್ದೇನೆ, ವಾಪಸಾತಿಯ ಅವಧಿ ಮುಗಿಯಲೆಂದು ಕಾದೆ. ಜುಲೈ 12ರಿಂದ 31ರವರೆಗೆ ಇಪ್ಪತ್ತು ದಿನ, ಐದು ಕೀವರ್ಡ್, ಎಲ್ಲವೂ ಎಕ್ಸಾಕ್ಟ್ ಮ್ಯಾಚ್, ಮಂಗಳೂರು, ಉಡುಪಿ, ಗೋವಾ, ಕೊಚ್ಚಿ, ಮುಂಬೈ ಮಾತ್ರ. ಗರಿಷ್ಠ ಬಿಡ್ 4 ರೂಪಾಯಿ. 1,050 ಕ್ಲಿಕ್ ಬಂದವು, ಸರಾಸರಿ 3 ರೂಪಾಯಿ 80 ಪೈಸೆ. ಖರ್ಚು 3,990, ಜಿಎಸ್‌ಟಿ 718, ಒಟ್ಟು 4,708 ರೂಪಾಯಿ. 14 ಆರ್ಡರ್‌ಗಳಲ್ಲಿ ಒಂದು ಮಾತ್ರ ವಾಪಸಾಯಿತು, 13ರ ಕಮಿಷನ್ 7,800 ರೂಪಾಯಿ ಖಚಿತವಾಗಿದೆ. ಲಾಭ 3,092 ರೂಪಾಯಿ. ಹಣ ಇನ್ನೂ ಕೈಗೆ ಬಂದಿಲ್ಲ, ಮೊದಲ ಸುತ್ತಿನ ನಷ್ಟವೂ ತುಂಬಿಲ್ಲ.

ಹೈಗ್ರೋಮೀಟರ್‌ನ ಅಂಕಿಗಳನ್ನು ಹಾಕಿದ ಮೇಲೆ ಸ್ಕೋರ್ 7ಕ್ಕೆ ಏರಿತು. ಮಲಗುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಯಂತ್ರ ಹಚ್ಚಿದಾಗ 88ರಲ್ಲಿದ್ದ ತೇವಾಂಶ ಬೆಳಗಿನ ಹೊತ್ತಿಗೆ 57ಕ್ಕೆ ಬಂದಿತ್ತು. ಆ ಕೋಷ್ಟಕದ ಚಿತ್ರವನ್ನೇ ಜನರು ಹೆಚ್ಚು ಹೊತ್ತು ನೋಡುತ್ತಿದ್ದಾರೆ. ಸಬ್ ಐಡಿಯಿಂದ ತಿಳಿದ ಸಂಗತಿ ನಾನು ನಿರೀಕ್ಷಿಸದೇ ಇದ್ದದ್ದು: 14ರಲ್ಲಿ 9 ಆರ್ಡರ್‌ಗಳು ಒದ್ದೆ ಬಟ್ಟೆಯನ್ನು ಮನೆಯೊಳಗೆ ಒಣಗಿಸುವುದು ಹೇಗೆ ಎಂದು ಹುಡುಕಿದವರಿಂದ ಬಂದಿವೆ, ಬೂಷ್ಟಿನ ಬಗ್ಗೆ ಹುಡುಕಿದವರಿಂದಲ್ಲ. ಬೂಷ್ಟಿನ ಕೀವರ್ಡ್‌ಗೆ 310 ಕ್ಲಿಕ್ ಆಗಿ ಒಂದೂ ಆರ್ಡರ್ ಬರಲಿಲ್ಲ, ನಿಲ್ಲಿಸಿದ್ದೇನೆ.

ಕುಂದಾಪುರ ಕಡಲು | ಆಗಸ್ಟ್ 24

ಬಹಳ ಸಂತೋಷವಾಯಿತು. ಹಾಗಿದ್ದರೆ ಬಟ್ಟೆ ಒಣಗಿಸುವವರಿಗಾಗಿಯೇ ಬೇರೆ ಪುಟ ಮಾಡಿ, ಒಂದು ಹೊರೆ ಬಟ್ಟೆ ಎಷ್ಟು ಗಂಟೆಯಲ್ಲಿ ಒಣಗಿತು, ಎಷ್ಟು ಯೂನಿಟ್ ಹೋಯಿತು ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿ. ಅಂಬೆಗಾಲಿಡುವ ಮಕ್ಕಳಿರುವ ಮನೆಗಳಿಗೆ ಬೇಕಾದದ್ದು ಅದೇ.

ಮಣಿಪಾಲ ಎಂಡ್ ಪಾಯಿಂಟ್ | ಆಗಸ್ಟ್ 25

ಆ ಒಂಬತ್ತು ಆರ್ಡರ್ ತಂದ ಕೀವರ್ಡ್‌ಗೆ ಎಷ್ಟು ಕ್ಲಿಕ್ ಆಗಿದ್ದವು ಎಂದು ನೋಡಿ, ಅದರ ಮಿತಿಯನ್ನು ಮಾತ್ರ ಪ್ರತ್ಯೇಕವಾಗಿ ಲೆಕ್ಕ ಹಾಕಿ ಬಿಡ್ ಏರಿಸಬಹುದು. ಉಳಿದವುಗಳ ಬಿಡ್ಡನ್ನು ಮುಟ್ಟಬೇಡಿ. ಸೆಪ್ಟೆಂಬರ್ ಕೊನೆಗೆ ಮಳೆ ಕಡಿಮೆಯಾದಂತೆ ಹುಡುಕುವವರೂ ಕಡಿಮೆಯಾಗುತ್ತಾರೆ, ಆಗ ಜುಲೈ ತಿಂಗಳ ದರವನ್ನು ನಂಬಿ ಮುಂದುವರಿಸಬೇಡಿ. ವಾರಕ್ಕೊಮ್ಮೆ ಹೊಸದಾಗಿ ಭಾಗಿಸಿ ನೋಡಿ.

ಕದ್ರಿ ಗುಡ್ಡೆ | ಆಗಸ್ಟ್ 25

ಆ ಕೀವರ್ಡ್‌ಗೆ 420 ಕ್ಲಿಕ್ ಆಗಿದ್ದವು ಅಕ್ಕ. ವಾಪಸಾದದ್ದೂ ಅದರಲ್ಲೇ ಇದ್ದುದರಿಂದ ಎಂಟನ್ನು ಹಿಡಿದು ಲೆಕ್ಕ ಹಾಕಿದೆ: ಗಳಿಕೆ 11 ರೂಪಾಯಿ 43 ಪೈಸೆ, ಜಿಎಸ್‌ಟಿ ಕಳೆದರೆ 9 ರೂಪಾಯಿ 69 ಪೈಸೆ. ಎಂಟೇ ಆರ್ಡರ್‌ಗಳ ಮೇಲೆ ಪೂರ್ತಿ ನಂಬಿಕೆ ಇಡದೆ ಬಿಡ್ಡನ್ನು 5 ರೂಪಾಯಿ 50 ಪೈಸೆಗೆ ಏರಿಸಿ, ದಿನಕ್ಕೆ 250 ರೂಪಾಯಿಯ ಬಜೆಟ್‌ನಲ್ಲಿ ಇವತ್ತು ಸಂಜೆಯಿಂದ ಹಚ್ಚುತ್ತಿದ್ದೇನೆ. ಈ ಬಾರಿ ಶಾಲೆಯ ಶುಲ್ಕದ ಹಣವನ್ನು ಮುಟ್ಟಿಲ್ಲ, ಇದು ಬೇರೆ ತೆಗೆದಿಟ್ಟದ್ದು.